ಗೂಡಿನ ದರ ಹೇಳುವ ದನಿ

ಕೋಲಾರ
12 ಡಿಸೆಂಬರ್ 2000

ಪ್ರೀತಿಯ ಮೃದುಲಾ,

ಆಫೀಸಿನ ಇ-ಮೇಲ್‌ಗೆ ಏನೂ ಬರೆಯಬೇಡ, ಅಲ್ಲಿ ಎಲ್ಲರೂ ನೋಡುತ್ತಾರೆ ಎಂದೆಯಲ್ಲ, ಅದಕ್ಕೇ ಕಾಗದ, ಕವರ್ ತಂದು ಕೂತಿದ್ದೇನೆ. ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ಕೈಯಲ್ಲಿ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಫೋನಿಗೆ ಈಗ ಮಾಲೂರು ಕಡೆಯಿಂದಲೂ ಕರೆ ಬರುತ್ತಿದೆ. ರೈತರು ಎಸ್‌ಟಿಡಿ ಬೂತಿನಿಂದ ನಂಬರ್ ಒತ್ತಿದರೆ ಸಾಕು, ಇವತ್ತು ರೇಷ್ಮೆಗೂಡು ಎಷ್ಟಕ್ಕೆ ಹೋಯಿತು, ಟೊಮೇಟೊ ಎಷ್ಟಕ್ಕೆ ಹೋಯಿತು ಎಂದು ಕಂಪ್ಯೂಟರ್ ಹೇಳುತ್ತದೆ, ಅದೂ ನಮ್ಮ ಅಮ್ಮನ ದನಿಯಲ್ಲಿ. ಅಮ್ಮ ಬಿಡಿಬಿಡಿಯಾಗಿ ಹೇಳಿದ ಮಾತುಗಳನ್ನು ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಅಮರನಾಥ್ ಎಷ್ಟು ನಯವಾಗಿ ಜೋಡಿಸಿದ್ದಾನೆಂದರೆ, ಮೊನ್ನೆ ನಮ್ಮೂರ ಮುನಿಯಲ್ಲಪ್ಪನವರು ಅದು ಯಂತ್ರ ಅಂತಲೇ ತಿಳಿಯದೆ, "ಗಂಗರತ್ನಮ್ಮಾ, ನನ್ನ ಗೂಡಿನ ಲಾಟು ಯಾಕವ್ವಾ ಅಷ್ಟು ಕಮ್ಮಿಗೆ ಹೋಯ್ತು?" ಎಂದು ಬೂತಿನಲ್ಲಿ ನಿಂತು ಜಗಳವಾಡಿದರಂತೆ. ಅವರದೇನು ತಪ್ಪು? ಗೂಡಿನ ಮಾರ್ಕೆಟ್ಟಿನ ಮೈಕಿನಲ್ಲಿ ಲಾಟ್ ನಂಬರ್ ಕೂಗುವ ಅಮ್ಮನ ದನಿಯನ್ನು ಅವರು ನಾವು ಹುಟ್ಟುವ ಮೊದಲಿನಿಂದ ಕೇಳಿದ್ದಾರೆ.

ಈಗ ಕೆಟ್ಟದ್ದು. ನಮ್ಮ ಕಂಪನಿಗೆ ಹಣ ಹಾಕಿದ ನಿಮ್ಮ ಫಂಡಿನಿಂದ ಎರಡನೇ ಕಂತು ಅಕ್ಟೋಬರಿನಲ್ಲೇ ಬರಬೇಕಿತ್ತು. ನಿಮ್ಮ ಸಾಹೇಬರು ನಂದಕಿಶೋರ್ ಸರ್ ಫೋನ್ ಎತ್ತುತ್ತಿಲ್ಲ. ದೀಪಾವಳಿಯಿಂದ ಯಾರಿಗೂ ಸಂಬಳ ಕೊಟ್ಟಿಲ್ಲ. ಅಮರನಾಥ್ ಏನೂ ಕೇಳುವುದಿಲ್ಲ, ಅದೇ ನನಗೆ ಕಷ್ಟ. ಮಾರ್ಕೆಟ್ಟುಗಳಿಂದ ದರ ಕಳಿಸುವ ಹುಡುಗಿಯರು ಬಸ್ ಚಾರ್ಜನ್ನು ತಾವೇ ಹಾಕಿಕೊಳ್ಳುತ್ತಿದ್ದಾರೆ.

ನಿನ್ನೆ ಅಪ್ಪ ಕೇಳಿದರು: "ನಿಮಗೆ ಬೀಜದ ದುಡ್ಡು ಕೊಟ್ಟೋರು ಬೆಳೆ ಬರೋ ತನಕ ಕಾಯ್ತಾರೇನಮ್ಮಾ?" ಕಾಯುತ್ತಾರಪ್ಪ, ಏಳು ವರ್ಷ ಕಾಯುತ್ತೇವೆ ಎಂದೇ ಹೇಳಿದ್ದಾರೆ ಎಂದೆ. ಸರಿಯಾಗಿ ಹೇಳಿದೆನಾ?

ನಿನ್ನ
ಚಂದನ


ಬೆಂಗಳೂರು
28 ಡಿಸೆಂಬರ್ 2000

ಪ್ರೀತಿಯ ಚಂದನ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರಕ್ಕೆ ಏನಾದರೂ ಒಳ್ಳೆಯದು ಸಿಗಲಿ ಎಂದು ಕಾದೆ.

ನಾಟಿ ವೆಂಚರ್ಸ್‌ನ ಹಣ ನಂದಕಿಶೋರ್ ಅವರದಲ್ಲ, ನಿನಗೆ ಗೊತ್ತು. ಅಮೆರಿಕದಲ್ಲಿ ಅವರ ಜೊತೆ ಕೆಲಸ ಮಾಡಿದ ಕೆಲವರು, ಇಂಡಿಯಾದಲ್ಲಿ ಹೊಸ ಹುಡುಗರ ಕಂಪನಿಗಳಿಗೆ ಮೊದಲ ಹಣ ಹಾಕೋಣ ಎಂದು ಸೇರಿ ಕೊಟ್ಟದ್ದು. ಅಲ್ಲಿ ಈ ವರ್ಷ ಇಂಟರ್ನೆಟ್ ಕಂಪನಿಗಳೆಲ್ಲ ಬಿದ್ದವಲ್ಲ, ಅವರ ಕೈಯೂ ಬರಿದಾಗಿದೆ. ಇನ್ನು ಕೊಡುವುದಿಲ್ಲ ಎಂದಿದ್ದಾರೆ. ನಮ್ಮ ಆಫೀಸಿನ ಬಿಳಿ ಹಲಗೆಯ ಮೇಲೆ ಒಂಬತ್ತು ಕಂಪನಿಗಳ ಹೆಸರಿದ್ದವು. ಮಂಗಳವಾರ ಹೋಗಿ ನೋಡಿದರೆ ಮೂರಿದ್ದವು. ನಿನ್ನದು ಉಳಿದಿದೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಏಳು ವರ್ಷದ ಮಾತನ್ನು ಈಗ ಯಾರೂ ಆಡುವುದಿಲ್ಲ.

ಒಂದೇ ದಾರಿ ಇದೆ. ಮುಂಬೈಯ ಒಂದು ಕಂಪನಿ ಬ್ಯಾಂಕುಗಳಿಗೆ ಫೋನಿನಲ್ಲಿ ಉತ್ತರಿಸುವ ಯಂತ್ರ ಮಾಡಿಕೊಡುತ್ತದೆ. ಅವರಿಗೆ ಕನ್ನಡದ ದನಿ ಬೇಕು. ನಿನ್ನ ನಂಬರಿಗೆ ನಾನೇ ಫೋನ್ ಹಚ್ಚಿ ಸ್ಪೀಕರಿನಲ್ಲಿ ಕೇಳಿಸಿದೆ. ಅಲ್ಲಿಂದ ಬಂದಿದ್ದ ಇಬ್ಬರೂ ಕೂತು ಕೇಳಿದರು. ಅವರಿಗೆ ಕನ್ನಡ ಒಂದಕ್ಷರ ಬರುವುದಿಲ್ಲ, ಆದರೂ "ಈಕೆ ಹೇಳಿದರೆ ನಂಬಬೇಕು ಅನ್ನಿಸುತ್ತದೆ" ಎಂದರು. ಕಂಪನಿಯನ್ನು ಕೊಳ್ಳುತ್ತಾರೆ, ಕೆಲಸದವರನ್ನೂ ಇಟ್ಟುಕೊಳ್ಳುತ್ತಾರೆ. ಆದರೆ ಈಗಿರುವ ನೂರಾರು ಮಾತು ಅವರಿಗೆ ಸಾಲದು. ಬ್ಯಾಂಕಿನ ನಾಲ್ಕು ಸಾವಿರ ವಾಕ್ಯ ಕಳಿಸುತ್ತಾರೆ. ಅಷ್ಟನ್ನೂ ಅಮ್ಮ ಫೆಬ್ರವರಿ 28ರೊಳಗೆ ಓದಿ ಕೊಡಬೇಕು.

ಆಗದಿದ್ದರೆ ಏನಾಗುತ್ತದೆ ಎಂದು ನಾನೇ ಹೇಳುವುದು ಒಳ್ಳೆಯದು. ಕಂಪನಿ ಮುಚ್ಚುತ್ತಾರೆ. ಕರಾರಿನ ಪ್ರಕಾರ ಕಂಪ್ಯೂಟರ್, ಧ್ವನಿಮುದ್ರಣ, ಎಲ್ಲ ಫಂಡಿಗೆ ಸೇರಿ ಹರಾಜಿಗೆ ಹೋಗುತ್ತದೆ.

ಅಮ್ಮನಿಗೆ ನಮಸ್ಕಾರ ಹೇಳು. ಬೇಸರ ಮಾಡಿಕೊಳ್ಳಬೇಡ.

ನಿನ್ನ
ಮೃದುಲಾ


ಹುತ್ತೂರು
21 ಜನವರಿ 2001

ಪ್ರೀತಿಯ ಮೃದುಲಾ,

ವಾಕ್ಯಗಳ ಕಟ್ಟು ಬಂತು. ಓದು ಶುರುವಾಗಿದೆ. ಕೋಲಾರದ ಆಫೀಸಿನಲ್ಲಿ ಲಾರಿಗಳ ಸದ್ದು ತಡೆಯಲಾಗುವುದಿಲ್ಲವೆಂದು ಊರಿಗೇ ಬಂದೆವು. ಅಪ್ಪ ಈ ಸಲ ರೇಷ್ಮೆಹುಳು ಸಾಕಲಿಲ್ಲ, ನಮಗಾಗಿ ಹುಳುಮನೆ ಖಾಲಿ ಬಿಟ್ಟುಕೊಟ್ಟರು. ಗೋಡೆಗೆಲ್ಲ ಗೋಣಿಚೀಲ, ಹಳೆಯ ಹಾಸಿಗೆ ಕಟ್ಟಿದ್ದೇವೆ. ಬಾಗಿಲು ಹಾಕಿದರೆ ಹೊರಗೆ ಅಪ್ಪ ಕೆಮ್ಮಿದ್ದೂ ಕೇಳುವುದಿಲ್ಲ. ಹುಳುವಿಗೆ ರೋಗ ಬಾರದಿರಲೆಂದು ಹೊಡೆಯುವ ಔಷಧಿಯ ವಾಸನೆ ಮಾತ್ರ ಹೋಗಿಲ್ಲ.

ಅಮ್ಮ ಬೆಳಿಗ್ಗೆ ಬಿಸಿನೀರು ಕುಡಿದು ಕೂರುತ್ತಾಳೆ. ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ, ಸೆರಗು ಹೊದ್ದು, ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದ ಹಾಗೆಯೇ. "ನಿಮ್ಮ ಚೆಕ್ಕು ಸ್ವೀಕೃತವಾಗಿದೆ" ಎಂಬುದನ್ನು ಮೂರು ಬಗೆಯಲ್ಲಿ ಓದಿ, "ಯಾವ್ದು ಚೆನ್ನಾಗದೆ?" ಎಂದು ಅಮರನಾಥನನ್ನು ಕೇಳುತ್ತಾಳೆ.

ಮಧ್ಯಾಹ್ನದ ಮೇಲೆ ಓದಿಸುತ್ತಿಲ್ಲ. ಸ್ವಲ್ಪ ಶೀತ, ದನಿ ಒಡೆಯುತ್ತದೆ. ಹೋದ ವಾರ ಬೆಂಗಳೂರಿಗೆ ಬಂದಿದ್ದೆವು. ನಿನ್ನನ್ನು ನೋಡಲು ಆಗಲಿಲ್ಲ, ಬೇರೆ ಕೆಲಸವಿತ್ತು.

28ರೊಳಗೆ ಮುಗಿಯುತ್ತದೆ ಎಂದು ಸರ್‌ಗೆ ಹೇಳು. ಖಂಡಿತ ಮುಗಿಯುತ್ತದೆ.

ಚಂದನ


ಬೆಂಗಳೂರು
5 ಫೆಬ್ರವರಿ 2001

ಪ್ರೀತಿಯ ಚಂದನ,

ಮೊದಲ ಕಂತಿನ ಸಿ.ಡಿ.ಗಳು ಮುಂಬೈಯವರಿಗೆ ಬಹಳ ಹಿಡಿಸಿದವು. ಎರಡನೆಯದರಲ್ಲಿ ಸುಮಾರು ಆರು ನೂರು ವಾಕ್ಯ ವಾಪಸ್ ಕಳಿಸಿದ್ದಾರೆ. ದನಿ ಗೊಗ್ಗರಾಗಿದೆ, ಮತ್ತೆ ಓದಿಸಬೇಕಂತೆ. ಗಡುವು ಬದಲಾಗುವುದಿಲ್ಲ.

ಇಷ್ಟು ಆಫೀಸಿನ ಮಾತು. ಇನ್ನು ನನ್ನದು.

ಸಿ.ಡಿ.ಯನ್ನು ನಾನೂ ಕೇಳಿದೆ. ಅದು ಶೀತವಲ್ಲ. ನಮ್ಮ ಮುಳಬಾಗಿಲಿನ ಮನೆಯಲ್ಲಿ ದಿನಾ ಮಂತ್ರ ಹೇಳುವವರ ನಡುವೆ ಬೆಳೆದವಳು ನಾನು, ಶೀತದ ಗಂಟಲು ಹೇಗಿರುತ್ತದೆ ಎಂದು ಗೊತ್ತು. ವಾಕ್ಯದ ಕೊನೆಯಲ್ಲಿ ಅಮ್ಮ ಉಸಿರಿಗೆ ಒದ್ದಾಡುವುದು ಕೇಳಿಸುತ್ತದೆ. ಅಮರನಾಥ್ ಅದನ್ನು ಕತ್ತರಿಸಲು ಮರೆತಿದ್ದಾನೆ.

ಬೆಂಗಳೂರಿನಲ್ಲಿ ನಿಮಗೆ ಏನು ಕೆಲಸವಿತ್ತು?

ಮೃದುಲಾ


ಹುತ್ತೂರು
11 ಫೆಬ್ರವರಿ 2001

ಮೃದುಲಾ,

ಇದನ್ನು ನೀನೊಬ್ಬಳೇ ಓದು.

ಅಮ್ಮನಿಗೆ ಗಂಟಲಲ್ಲಿ ಗಡ್ಡೆ. ಜನವರಿಯಲ್ಲಿ ಬೆಂಗಳೂರಿಗೆ ಬಂದದ್ದು ಅದಕ್ಕೇ. ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು, ಮುಂದೆ ಮಾತು ಬರುವುದಿಲ್ಲ. ಡಾಕ್ಟರು ಇದನ್ನು ಅಮ್ಮನ ಎದುರಿಗೇ ಹೇಳಿದರು. ಅಪ್ಪನಿಗೆ ಅರ್ಥವಾಗದೆ, "ಎಷ್ಟು ದಿವ್ಸ ಮಾತಾಡ್ಬಾರ್ದು ಸಾರ್?" ಎಂದು ಕೇಳಿದರು.

ಆಪರೇಷನ್ನಿಗೆ ಜನವರಿ 29 ಕೊಟ್ಟಿದ್ದರು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಸಕೋಟೆ ದಾಟಿದ ಮೇಲೆ ಅಮ್ಮ ಕೇಳಿದಳು: "ಆ ವಾಕ್ಯಗಳು ಇನ್ನೂ ಎಷ್ಟವೆ?" ಬಹಳ ಇವೆ ಎಂದೆ. "ಹಂಗಾದ್ರೆ ಆಪರೇಷನ್ ಮುಂದಕ್ಕಾಕ್ಸು. ಬಾಯಿ ಹೋದ್ಮೇಲೆ ಎಲ್ಲಿ ಓದ್ಲಿ?"

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮರುದಿನ ನಾನೇ ಆಸ್ಪತ್ರೆಗೆ ಫೋನ್ ಮಾಡಿ, ಮನೆಯಲ್ಲಿ ಅನಾನುಕೂಲವಿದೆ ಎಂದು ಸುಳ್ಳು ಹೇಳಿ, ಮಾರ್ಚ್ 5ಕ್ಕೆ ಹಾಕಿಸಿದೆ. ಫೋನ್ ಇಟ್ಟಾಗ ನನಗೆ ಏನನ್ನಿಸಿತು ಗೊತ್ತೇ? ಸಮಾಧಾನ. ಕಂಪನಿ ಉಳಿಯಿತು ಎಂಬ ಸಮಾಧಾನ.

ಈಗ ಕರವಸ್ತ್ರದಲ್ಲಿ ರಕ್ತ ಕಾಣಿಸುತ್ತಿದೆ. "ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ" ಎಂದು ಓದುತ್ತಾಳೆ, ಕರವಸ್ತ್ರ ಒತ್ತಿಕೊಳ್ಳುತ್ತಾಳೆ, ಮುಂದಿನದಕ್ಕೆ ಬೆರಳು ಇಡುತ್ತಾಳೆ. ಅಪ್ಪ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ "ಚಾಲು ತಲ್ಲೀ", ಸಾಕು ತಾಯಿ, ಎನ್ನುತ್ತಾರೆ. ಅಮ್ಮನಿಗೆ ಹೇಳುವುದೋ ನನಗೋ ತಿಳಿಯುವುದಿಲ್ಲ. ನಿಲ್ಲಿಸಿಬಿಡೋಣವೆಂದು ದಿನವೂ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಇಷ್ಟು ಓದಿಸಿ ಈಗ ನಿಲ್ಲಿಸಿದರೆ ಓದಿದ್ದೂ ವ್ಯರ್ಥ, ಹೋದ ದಿನಗಳೂ ವ್ಯರ್ಥ. ಹೀಗೇ ಇನ್ನೊಂದು ದಿನ ಹೋಗುತ್ತದೆ.

ನಂದಕಿಶೋರ್ ಅವರಿಗೆ ಹೇಳಬೇಡ. ಮುಂಬೈಯವರಿಗೆ ಗೊತ್ತಾದರೆ ಹಿಂದೆ ಸರಿಯುತ್ತಾರೆ. ನಿನ್ನ ಕಾಲು ಹಿಡಿಯುತ್ತೇನೆ.

ಚಂದನ


ಬೆಂಗಳೂರು
16 ಫೆಬ್ರವರಿ 2001

ಚಂದನ,

ನಿನ್ನೆ ನಿನ್ನ ಕಾಗದ ಕೈಗೆ ಬಂದ ತಕ್ಷಣ ಕೋಲಾರದ ಬಸ್ ಹತ್ತಿದ್ದು, ನಿಮ್ಮನ್ನು ಕರೆದುಕೊಂಡೇ ಆಸ್ಪತ್ರೆಗೆ ಹೋಗಬೇಕು ಎಂದು. ನೀನು ಹುಳುಮನೆಯ ಬಾಗಿಲಿಗೆ ಅಡ್ಡ ನಿಂತೆ. "ಇನ್ನು ಸ್ವಲ್ಪಾನೇ ಕಣೇ, ಮುಗಿಸ್ಕೊಂಡು ಹೋಗ್ತೀವಿ" ಎಂದೆ. ನಾನು "ಅವರು ನಿನ್ನ ಅಮ್ಮ ಕಣೇ" ಎಂದೆ. ನೀನು "ನೀನು ಹೇಳಿಕೊಡಬೇಡ" ಎಂದು ಮುಖ ತಿರುಗಿಸಿದೆ. ಎಂಟು ವರ್ಷದಲ್ಲಿ ನನ್ನ ಹತ್ತಿರ ನೀನು ಹಾಗೆ ಮಾತಾಡಿರಲಿಲ್ಲ.

ಅಮ್ಮ ದನಿ ಉಳಿಸಿಕೊಳ್ಳಲು ಪಿಸುಮಾತಿನಲ್ಲೇ "ಊಟ ಮಾಡ್ಕೊಂಡು ಹೋಗಮ್ಮಾ" ಎಂದರು. ಅವರು ಮಜ್ಜಿಗೆ ಮಾತ್ರ ಕುಡಿದರು, ಅದೂ ಕಣ್ಣು ಮುಚ್ಚಿಕೊಂಡು. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದು ಕೈ ಹಿಡಿದೆ. ಕೈ ಬಿಡಿಸಿಕೊಂಡು ಮೈಕಿನ ಮುಂದೆ ಹೋಗಿ ಕೂತರು.

ರಾತ್ರಿಯೆಲ್ಲ ಯೋಚಿಸಿ ಇವತ್ತು ನಂದಕಿಶೋರ್ ಅವರಿಗೆ ಹೇಳಿಬಿಟ್ಟೆ. ಮಾರಾಟ ನಿಂತರೂ ನಿಲ್ಲಲಿ, ನೀನು ಅಮ್ಮನನ್ನು ಕರೆದುಕೊಂಡು ಹೋಗುತ್ತೀಯಲ್ಲ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ತಾಯಿ ಇದ್ದಾರೆ, ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಆಮೇಲೆ ಕೇಳಿದರು: "ಎಷ್ಟು ವಾಕ್ಯ ಬಾಕಿ ಇದೆ?"

ನಾನು ಎದ್ದು ಬಂದೆ. ಆಸ್ಪತ್ರೆಗೆ ಫೋನ್ ಮಾಡಿದರೆ, ಆಪರೇಷನ್ ಬೇಗ ಆಗಬೇಕಾದರೆ ಮನೆಯವರೇ ಕೇಳಬೇಕು ಎನ್ನುತ್ತಾರೆ. ನೀನು ಕೇಳು. ಇವತ್ತೇ ಕೇಳು.

ಮೃದುಲಾ


ಕೋಲಾರ
12 ಮಾರ್ಚ್ 2001

ಮೃದುಲಾ ಅವರಿಗೆ,

ಆಪರೇಷನ್ 5ನೇ ತಾರೀಖು ಆಯಿತು. ಬೇಗ ಮಾಡಿ ಎಂದು ಕೇಳಿದೆ, ನಡುವೆ ಹಾಸಿಗೆ ಖಾಲಿ ಇರಲಿಲ್ಲ. ಬಿಟ್ಟುಕೊಟ್ಟ ದಿನ ಮತ್ತೆ ಸಿಗಲಿಲ್ಲ. ಕತ್ತಿನ ಗ್ರಂಥಿಗಳಿಗೂ ಹರಡಿದೆ. "ಒಂದು ತಿಂಗಳ ಹಿಂದೆ ಬಂದಿದ್ದರೆ..." ಎಂದು ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ, ಬೇರೆ ಮಾತು ತೆಗೆದರು.

ನೀವು ನಿಮ್ಮ ಸಾಹೇಬರಿಗೆ ಹೇಳಿದ್ದರಿಂದ ಏನಾಯಿತು ಎಂದು ತಿಳಿಯಬೇಕಲ್ಲ. ಮರುದಿನವೇ ಅವರ ಫೋನ್ ಬಂತು. ಬಹಳ ಮೆದುವಾಗಿ ಮಾತಾಡಿದರು. ಖರ್ಚು ನೋಡಿಕೊಳ್ಳೋಣ ಎಂದರು. ಕೊನೆಗೆ, ದನಿ ಯಾವಾಗ ಏನಾಗುತ್ತದೋ ತಿಳಿಯದು, ಆದ್ದರಿಂದ 28ರ ಬದಲು 22ಕ್ಕೇ ಮುಗಿಸಿಬಿಡಿ ಎಂದರು. ಅಮ್ಮ ಬೆಳಿಗ್ಗೆ ಮಾತ್ರ ಓದುತ್ತಿದ್ದವಳು ಇಡೀ ದಿನ ಓದಿದಳು. ಕೊನೆಯ ವಾಕ್ಯ "ದಯವಿಟ್ಟು ಒಂಬತ್ತನ್ನು ಒತ್ತಿ". ಅದನ್ನು ನಾಲ್ಕು ಸಲ ಓದಬೇಕಾಯಿತು.

ಮಾರಾಟವಾಯಿತು. ಸಾಹೇಬರು ಹೂಗುಚ್ಛ ಕಳಿಸಿದರು. ಮುಂಬೈಯವರು ಅಮರನಾಥನನ್ನು ಕರೆದುಕೊಂಡು ಹೋದರು, ಉಳಿದವರು ಬೇಡವಂತೆ. ಗೂಡಿನ ದರ ಹೇಳುವ ಫೋನಿನಿಂದ ಲಾಭವಿಲ್ಲವೆಂದು ನಿನ್ನೆ ಲೈನ್ ತೆಗೆಸಿದರು. ಹುಡುಗಿಯರಿಗೆ ನಾನೇ ಹೇಳಿದೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅಮ್ಮ ನನ್ನ ಹತ್ತಿರ ಏನೋ ಹೇಳಿದಳು. ಅದೇ ಕೊನೆಯ ಮಾತು. ಅದೇನೆಂದು ಯಾರಿಗೂ ಹೇಳುವುದಿಲ್ಲ.

ಇನ್ನು ಮುಂದೆ ನೀವು ಬರೆಯಬೇಡಿ, ಬರಬೇಡಿ.

ಚಂದನ


ಮುಳಬಾಗಿಲು
30 ಜುಲೈ 2001

ಚಂದನ,

ಏಪ್ರಿಲ್‌ನಲ್ಲಿ ಬರೆದೆ, ಜೂನ್‌ನಲ್ಲಿ ಬರೆದೆ. ನೀನು ಒಡೆದು ಓದಿದೆಯೋ ಇಲ್ಲವೋ ಗೊತ್ತಿಲ್ಲ. "ನೀವು" ಎಂದು ಕರೆದೆಯಲ್ಲ, ಅದನ್ನು ಮಾತ್ರ ಹಿಂದಕ್ಕೆ ತೆಗೆದುಕೋ. ಬೇರೆ ಏನು ಬೇಕಾದರೂ ಅನ್ನು.

ನಾನು ಕೆಲಸ ಬಿಟ್ಟೆ. ಅದನ್ನೇನೂ ದೊಡ್ಡದಾಗಿ ಹೇಳುತ್ತಿಲ್ಲ. ಫಂಡೇ ಮುಚ್ಚಿತು. ಕೊನೆಗೆ ಹಲಗೆಯ ಮೇಲೆ ಒಂದು ಹೆಸರೂ ಇರಲಿಲ್ಲ, ಕೊನೆಯ ದಿನ ಹಲಗೆಯನ್ನೂ ಯಾರೋ ಕೊಂಡುಹೋದರು. ಈಗ ಅಪ್ಪನ ಜೊತೆ ಕೂತು ಇಲ್ಲಿನ ಅಂಗಡಿಯವರ ಲೆಕ್ಕ ಬರೆಯುತ್ತೇನೆ.

ಅವತ್ತು ನಾನು ಬಾಯಿ ಬಿಡದಿದ್ದರೆ ಅಮ್ಮನಿಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ. ಹೇಳದೆ ಇರಲು ನನ್ನಿಂದ ಆಗುತ್ತಿತ್ತೇ? ಇದನ್ನು ಕೇಳಲು ನನಗೆ ನಿನ್ನನ್ನು ಬಿಟ್ಟು ಯಾರಿದ್ದಾರೆ?

ಅಮ್ಮ ಹೇಗಿದ್ದಾರೆ ಎಂದು ಒಂದು ಸಾಲು ಬರೆ. ಒಂದೇ ಸಾಲು ಸಾಕು.

ನಿನ್ನ
ಮೃದುಲಾ


ಹುತ್ತೂರು
16 ಸೆಪ್ಟೆಂಬರ್ 2001

ಮೃದುಲಾಗೆ ಗಂಗರತ್ನಮ್ಮ ಮಾಡೋ ಆಶೀರ್ವಾದ.

ನಾನು ಓದಿರೋದು ಏಳ್ನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ರೆ ನೀನೇ ಸರಿಮಾಡ್ಕೊಂಡು ಓದ್ಕೊ. ನಿನ್ನ ಕಾಗ್ದ ಮೂರೂ ಬಂದವೆ. ಅವಳು ಒಡೀಲಿಲ್ಲ. ನಾನು ಒಡ್ದು ಓದ್ದೆ. ತಪ್ಪಾದ್ರೆ ಬೈಕೊ.

ನಂಗೆ ಕತ್ತಲ್ಲಿ ತೂತು ಮಾಡವ್ರೆ. ಅದರ ಮೇಲೆ ತೆಳ್ಳಗಿನ ಬಟ್ಟೆ ಕಟ್ಕೊಂಡಿರ್ತೀನಿ. ಗಡ್ಡೆ ಸುಡೋ ಕರೆಂಟು ಕೊಡ್ಸೋಕೆ ಬೆಂಗಳೂರಿಗೆ ಹೋಗಿ ಹೋಗಿ ಬಂದು ಆಯ್ತು. ಈಗ ಮತ್ತೆ ಕತ್ತಿನ ಎಡಗಡೆ ಗಂಟು ಎದ್ದದೆ. ಡಾಕ್ಟ್ರು ನಮ್ಮನೆಯೋರನ್ನ ಹೊರಗೆ ಕರ್ದು ಮಾತಾಡಿದ್ರು. ಇವರು ಒಳಗೆ ಬಂದು ಏನೂ ಇಲ್ವಂತೆ ಅಂದ್ರು. ಇವರಿಗೆ ಸುಳ್ಳು ಹೇಳೋಕೆ ಬರಲ್ಲ. ನಮ್ಮ ಕೋಲಾರದ ಬ್ಯಾಂಕಿನ ಫೋನಲ್ಲಿ ನನ್ನ ದನಿ ಬರ್ತದಂತೆ. ಇವರು ಒಂದಿನ ಬೂತಿಗೆ ಹೋಗಿ ಕೇಳ್ಕೊಂಡು ಬಂದ್ರು. ಅವತ್ತು ರಾತ್ರಿ ಉಣ್ಣಲಿಲ್ಲ.

ನಾನು ಬರೀತಿರೋದು ಅದಕ್ಕಲ್ಲ. ಮಾತು ಹೋಗಿರೋದು ನಂಗೆ. ಆದ್ರೆ ಮಾತು ಬಿಟ್ಟಿರೋಳು ಚಂದನ. ಬೆಳಗೆದ್ದು ನೀರು ಕಾಯ್ಸ್ತಾಳೆ, ನನ್ನ ಗಾಯ ತೊಳೀತಾಳೆ, ಗಂಜಿ ಸೋಸಿ ಕೊಡ್ತಾಳೆ. ಹೂಂ ಇಲ್ಲ, ಊಹೂಂ ಇಲ್ಲ. ಅವರಪ್ಪನ ಹತ್ರಾನೂ ಇಲ್ಲ. ಕೆಲ್ಸಕ್ಕೆ ಕರ್ಯೋಕೆ ಯಾರೋ ಬಂದಿದ್ರು, ಹಿತ್ಲಿಗೆ ಹೋಗಿ ಕೂತ್ಕೊಂಡ್ಳು. ಹುಳುಮನೆ ಬಾಗಿಲು ತೆಗ್ಯೋಕೆ ಬಿಡಲ್ಲ. ಈ ಸಲಾನೂ ಹುಳ ಸಾಕ್ಲಿಲ್ಲ.

ನಂಗೆ ಗೊತ್ತು ಅವಳ ಮನಸ್ಸಲ್ಲಿ ಏನದೆ ಅಂತ. ಅಮ್ಮನ್ನ ನಾನು ಮಾರ್ಕೊಂಡೆ ಅಂತ. ಊರೋರು ಬೇರೆ, ತಾಯಿ ಮಗಳಿಗೋಸ್ಕರ ಪ್ರಾಣ ಒತ್ತೆ ಇಟ್ಳು ಅಂತ ನನ್ನ ಹೊಗಳ್ತಾರೆ. ಆ ಮಾತು ಕೇಳ್ದಾಗೆಲ್ಲ ಅವಳು ಇನ್ನೂ ಕುಗ್ತಾಳೆ.

ಅದು ಹಂಗಲ್ಲಮ್ಮ. ನಿಂಗೆ ಹೇಳ್ತೀನಿ ಕೇಳು. ಮಾರ್ಕೆಟ್ಟಲ್ಲಿ ಅಷ್ಟು ವರ್ಷ ಮೈಕ್ ಹಿಡ್ದೆ. ಲಾಟು ನಂಬರು, ರೇಟು, ಲಾಟು ನಂಬರು, ರೇಟು. ಅದು ಬಿಟ್ಟು ಒಂದು ಮಾತು ಆಡು ಅಂತ ಯಾರೂ ಕೇಳ್ಲಿಲ್ಲ. ಹುಳುಮನೇಲಿ ಆ ಹುಡುಗ ಅಮರನಾಥ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಅಮ್ಮ ಇನ್ನೊಂದ್ಸಲ ಹೇಳಿ, ಅದೇ ಚೆನ್ನಾಗಿತ್ತು, ಅಂತಿದ್ದ. ನಾನು ಹೇಳೋದನ್ನ ಬಾಗಿಲು ಹಾಕ್ಕೊಂಡು ಉಸಿರು ಬಿಗಿ ಹಿಡ್ದು ಕೇಳೋರಿದ್ರು. ಇದು ಹೆಂಗೂ ಹೋಗೋ ದನಿ. ಹೋಗೋಕೆ ಮುಂಚೆ ಅಷ್ಟನ್ನೂ ಹೇಳ್ಬಿಡ್ಬೇಕು ಅಂತ ನಂಗೇ ಆಸೆ ಆಯ್ತು. ದುರಾಸೆ ಅಂದ್ಕೊ. ಅವಳು ಬೇಡ ಅಂದಿದ್ರೂ ನಾನು ಬಿಡ್ತಿರ್ಲಿಲ್ಲ. ನೀನು ಬಂದು ಕೈ ಹಿಡ್ದಾಗ್ಲೂ ಬಿಡಿಸ್ಕೊಂಡು ಹೋದೆನಲ್ಲ, ಅದು ಮಗಳಿಗೋಸ್ಕರ ಅಲ್ಲ. ನಂಗೋಸ್ಕರ. ನಿಮ್ಮ ಸಾಹೇಬ್ರು ದಿನ ಕಮ್ಮಿ ಮಾಡಿದ್ದಕ್ಕೆ ನೀನು ಕೊರಗ್ಬೇಡ. ನಂಗೆ ನೋವಾಯ್ತು ನಿಜ. ಆದ್ರೂ ಓದಿ ಮುಗ್ಸಿದ ದಿನ ನಾನು ಎಷ್ಟು ಖುಷಿಯಾಗಿದ್ದೆ ಅಂತ ಯಾರಿಗೂ ಗೊತ್ತಿಲ್ಲ.

ಇದೆಲ್ಲ ಅವಳಿಗೆ ಸ್ಲೇಟಲ್ಲಿ ಬರ್ದು ತೋರಿಸ್ದೆ. ಒಂದ್ಸಲ ಅಲ್ಲ. ಓದ್ತಾಳೆ, ಬಟ್ಟೆ ತಗೊಂಡು ಒರೆಸ್ತಾಳೆ, ಸ್ಲೇಟು ವಾಪಸ್ ಕೊಡ್ತಾಳೆ. ತನ್ನ ಸಮಾಧಾನಕ್ಕೆ ಅಮ್ಮ ಹಂಗೆ ಬರೀತಾಳೆ ಅಂದ್ಕೊಂಡವಳೆ. ಬರ್ದಿದ್ದನ್ನ ಅವಳು ನಂಬಲ್ಲಮ್ಮ. ಯಾರಾದ್ರೂ ಎದುರಿಗೆ ಕೂತು, ಅವಳ ಮುಖ ನೋಡ್ಕೊಂಡು, ಬಾಯಿಬಿಟ್ಟು ಹೇಳ್ಬೇಕು. ನಂಗಾಗಲ್ಲ. ಇವರು ಶುರು ಮಾಡಿದ್ರೆ ಅತ್ತುಬಿಡ್ತಾರೆ.

ಅವಳು ಬರ್ಬೇಡಿ ಅಂತ ಬರ್ದಿರ್ಬೋದು. ಬಾಗಿಲಿಗೆ ಅಡ್ಡ ನಿಂತ್ಕೋಬೋದು. ಈ ಸಲ ಹಿಂದಕ್ಕೆ ಹೋಗ್ಬೇಡ. ನಾನು ಒಳಗಿರ್ತೀನಿ. ನಿನ್ನ ಪಕ್ಕ ಕೂತ್ಕೋತೀನಿ, ನೀನು ಹೇಳಿದ್ದು ನಿಜ ಅಂತ ತಲೆ ಆಡಿಸ್ತೀನಿ.

ಹಬ್ಬ ಹುಣ್ಣಿಮೆ ಅಂತ ಕಾಯ್ಬೇಡ. ಈ ವಾರಾನೇ ಬಾ.

ಗಂಗರತ್ನಮ್ಮ